ಮಾಡೆಲ್ ಜೆಟ್ ಟರ್ಬೈನ್ ಕೆರೆದ ಸದ್ದು ಮಾಡಿದರೆ: ತಪ್ಪು ಆಯಿಲ್‌ನದೋ, ಬೇರಿಂಗ್‌ನದೋ, ನಮ್ಮದೋ?

ಹೋದ ಡಿಸೆಂಬರ್‌ನ ಒಂದು ಭಾನುವಾರ. ಪುಣೆಯ ಹೊರಗೆ, ಸೋಲಾಪುರ ರಸ್ತೆಯ ಕಡೆ ನಾವು ಹಾರಿಸುವ ಬಯಲು. ನನ್ನ ಜೆಟ್ (ರಿಮೋಟ್‌ನಲ್ಲಿ ಹಾರಿಸುವ ಮಾಡೆಲ್ ವಿಮಾನ, ಒಳಗೆ ಪುಟ್ಟ ಜೆಟ್ ಎಂಜಿನ್) ಇಳಿದು, ಉರುಳಿಕೊಂಡು ಹತ್ತಿರ ಬಂತು, ಎಂಜಿನ್ ಆಫ್ ಮಾಡಿದೆ. ಯಾವಾಗಲೂ ಸೀಟಿಯ ಹಾಗೆ ಸಣ್ಣಗಾಗುತ್ತಾ ನಿಲ್ಲುವ ಸದ್ದು ಅವತ್ತು ಕೊನೆಯಲ್ಲಿ ಕರ್ರ್ ಎಂದು ಕೆರೆದು ಗಕ್ಕನೆ ನಿಂತಿತು. ಪಕ್ಕದಲ್ಲಿದ್ದ ಧಾರವಾಡದ ಗೆಳೆಯ (ಚಿಂಚವಡದಲ್ಲಿ ಕೆಲಸ, ಪ್ರತಿ ಭಾನುವಾರ ನಮ್ಮ ಜೊತೆ) ಕೇಳಿದ: "ಎಣ್ಣಿ ಹಾಕಿಯೇನ್ಲೇ?" ಬೆಳಿಗ್ಗೆ ಎಂಟಕ್ಕೆ ಎಣ್ಣೆ ಮಾತು ಬಂದರೆ ಕನ್ನಡದವರು ನಗದೆ ಇರುತ್ತಾರಾ? ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನೊಂದು ಟ್ಯಾಂಕ್ ತುಂಬಿ ಮತ್ತೆ ಹಾರಿಸಿದೆ. ಆ ಎರಡನೇ ಹಾರಾಟಕ್ಕೆ ಎರಡು ಬೇರಿಂಗ್ ಬಲಿಯಾದವು.

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಅದನ್ನು ಅಲ್ಲೇ, ಇಂಧನದ ಕ್ಯಾನ್ ಮುಂದೆ ಕೂತು ಬಿಡಿಸಿಕೊಳ್ಳಬೇಕಿತ್ತು. ಹೇಗೆ ಬಿಡಿಸಿಕೊಳ್ಳುವುದು ಅನ್ನುವುದೇ ಈ ಬರಹ. ಗೊಂದಲ ಬೇಡ ಅಂತ ಇಲ್ಲಿಂದ ಮುಂದೆ ಬೇರಿಂಗ್‌ಗೆ ಹೋಗುವುದನ್ನು ಆಯಿಲ್ ಅಂತಲೇ ಬರೆಯುತ್ತೇನೆ. ಉರಿಯುವುದು ಸೀಮೆಎಣ್ಣೆ. ಧಾರವಾಡದವರಿಗೆ ಅದು ಚಿಮಣಿ ಎಣ್ಣಿ, ಇಲ್ಲಿ ಪುಣೆಯವರಿಗೆ ರಾಕೇಲ್, ಮುಂಬೈ ಹಳಬರ ಬಾಯಲ್ಲಿ ಘಾಸ್ಲೇಟ್.

ಬೇರಿಂಗ್‌ಗೆ ಎಷ್ಟು ಆಯಿಲ್ ಸಿಗುತ್ತದೆ ಗೊತ್ತಾ?

ಕಾರಿನ ಹಾಗೆ ಇದರಲ್ಲಿ ಆಯಿಲ್‌ಗೆ ಬೇರೆ ಸಂಪು, ಬೇರೆ ಪಂಪು ಇಲ್ಲ. ಸೀಮೆಎಣ್ಣೆಯಲ್ಲೇ ಆಯಿಲ್ ಕಲಸಿ ಟ್ಯಾಂಕಿಗೆ ಹಾಕುತ್ತೇವೆ. ಪಂಪಿನಿಂದ ಬಂದದ್ದರಲ್ಲಿ ಬಹುಪಾಲು ಉರಿಯಲು ಹೋಗುತ್ತದೆ. ಒಂದು ಸಣ್ಣ ಪಾಲು ಮಾತ್ರ ಸೂಜಿಯಂಥ ನಳಿಕೆಯಲ್ಲಿ ಕವಲೊಡೆದು, ಮುಂದಿನ ಬೇರಿಂಗ್ ಮತ್ತು ಹಿಂದಿನ ಬೇರಿಂಗ್ ಎರಡನ್ನೂ ತೋಯಿಸಿ, ಬಿಸಿಗಾಳಿಯ ಜೊತೆ ಹಿಂದಿನಿಂದ ಹೊರಗೆ ಹೋಗಿಬಿಡುತ್ತದೆ. ಹೋದದ್ದು ಮರಳಿ ಬರುವುದಿಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ. ನನ್ನದು 80 ನ್ಯೂಟನ್ ಆಸುಪಾಸಿನ ಎಂಜಿನ್. ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ ಸುಮಾರು 280 ಮಿ.ಲೀ. ಕುಡಿಯುತ್ತದೆ. ಅದರಲ್ಲಿ ನೂರಕ್ಕೆ 5 ಭಾಗ ಬೇರಿಂಗ್ ಕಡೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ, 14 ಮಿ.ಲೀ. ಆಯಿತು. ಆ 14ರಲ್ಲಿ ಆಯಿಲ್ ಇರುವುದು ಮತ್ತೆ ನೂರಕ್ಕೆ 5. ಅಂದರೆ 0.7 ಮಿ.ಲೀ. ಎರಡು ಬೇರಿಂಗ್‌ಗೂ ಸೇರಿಸಿ ನಿಮಿಷಕ್ಕೆ ಇಷ್ಟೇ! ಶಾಫ್ಟ್ ಆಗ 1,25,000 ಆರ್‌ಪಿಎಂನಲ್ಲಿ, ಅಂದರೆ ಸೆಕೆಂಡಿಗೆ 2,000ಕ್ಕೂ ಜಾಸ್ತಿ ಸುತ್ತು ತಿರುಗುತ್ತಿರುತ್ತದೆ. ಹಿಂದಿನ ಬೇರಿಂಗ್‌ನ ಬೆನ್ನಿಗೇ ಟರ್ಬೈನ್ ಚಕ್ರ ಇದೆ, ಅದರಾಚೆ ಹೊರಬೀಳುವ ಗಾಳಿಯ ಬಿಸಿ 600 ಡಿಗ್ರಿ ಆಸುಪಾಸು. ಇಂಥ ಕಡೆ 0.7 ಹೋಗಿ 0.3 ಆದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು. ಆ 14 ಮಿ.ಲೀ. ಸೀಮೆಎಣ್ಣೆಯೂ ದಂಡಕ್ಕಲ್ಲ, ಬೇರಿಂಗ್ ತಣ್ಣಗಿಡುವ ಕೆಲಸದಲ್ಲಿ ದೊಡ್ಡ ಪಾಲು ಅದರದೇ. ಹಾಗಾಗಿ ಆಯಿಲ್ ಸರಿಯಿದ್ದು ನಳಿಕೆ ಅರ್ಧ ಕಟ್ಟಿಕೊಂಡಿದ್ದರೂ ಬೇರಿಂಗ್ ಸಾಯುತ್ತದೆ.

ಮೊದಲು ಬೆರಳು, ಆಮೇಲೆ ಬಾಟಲಿ

ಕೆರೆದ ಸದ್ದು ಕೇಳಿದ ಕೂಡಲೇ ಶಾಫ್ಟ್ ತಿರುಗಿಸಿ ನೋಡಬೇಡಿ. ಬಿಸಿ ಇದ್ದಾಗ ಟರ್ಬೈನ್ ಚಕ್ರ, ಅದರ ಸುತ್ತಿನ ಉಂಗುರ ಬೇರೆ ಬೇರೆ ವೇಗದಲ್ಲಿ ಕುಗ್ಗುತ್ತವೆ, ಒಂದಕ್ಕೊಂದು ತಾಗಿ ಸುಳ್ಳು ಸದ್ದು ಬರಬಹುದು. ಪೂರ್ತಿ ತಣ್ಣಗಾಗಲಿ. ಆಮೇಲೆ ಮುಂದಿನ ಜಾಲರಿ ತೆಗೆದು ಕಂಪ್ರೆಸರ್ (ಗಾಳಿ ಎಳೆದು ಒಳಗೆ ಒತ್ತುವ ಮುಂದಿನ ಚಕ್ರ) ನಟ್ ಅನ್ನು ಬೆರಳಿನಲ್ಲಿ ಮೆಲ್ಲಗೆ ತಿರುಗಿಸಿ. ಒಳ್ಳೆಯ ಬೇರಿಂಗ್ ಬೆಣ್ಣೆಯ ಹಾಗೆ ತಿರುಗಿ, ತಾನಾಗಿ ನಿಧಾನಕ್ಕೆ ನಿಲ್ಲುತ್ತದೆ. ಮರಳು ಅರೆದ ಹಾಗೆ ಅನಿಸಿದರೆ, ಒಂದೇ ಜಾಗದಲ್ಲಿ ಹಿಡಿದು ಹಿಡಿದು ಬಿಟ್ಟರೆ, ಬೇರಿಂಗ್ ಹೋಗಿದೆ. ಯಾವ ಆಯಿಲ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ನಟ್ ಅನ್ನು ಒಳಗೆ ಒತ್ತಿಯೂ ನೋಡಿ. ಒಳಗಿನ ಸ್ಪ್ರಿಂಗ್ ಅದನ್ನು ಮರಳಿ ತಳ್ಳಬೇಕು. ಒತ್ತಿದಲ್ಲೇ ಸಿಕ್ಕಿಕೊಂಡರೆ ಒಳಗೆ ಜಿಡ್ಡು ಸುಟ್ಟು ಅಂಟಾಗಿದೆ ಅಂತ ಅನುಮಾನ ಪಡಬಹುದು.

ಬೆರಳಿಗೆ ಸರಿ ಅನಿಸಿತು, ಆದರೂ ಅನುಮಾನ ಇದೆ ಅನ್ನುವವರು ಅಂಕಿಗಳನ್ನು ನೋಡಿ. ಇಸಿಯು (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಡಿಸ್‌ಪ್ಲೇಯನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳುವುದು ನನ್ನ ಉಪಾಯ, ಬಿಸಿಲಲ್ಲಿ ಕೂತು ಬರೆದುಕೊಳ್ಳುವ ತಾಳ್ಮೆ ನನಗಿಲ್ಲ. ನೋಡಬೇಕಾದದ್ದು ಮೂರು. ಇಂಧನ ನಿಂತ ಮೇಲೆ ಆರ್‌ಪಿಎಂ ಇಳಿಯಲು ಹಿಡಿಯುವ ಸಮಯ, ಒಂದೇ ಆರ್‌ಪಿಎಂನಲ್ಲಿ ಪಂಪ್ ವೋಲ್ಟೇಜ್, ಮತ್ತು ಅದೇ ಆರ್‌ಪಿಎಂನಲ್ಲಿ ಇಜಿಟಿ, ಅಂದರೆ ಹೊರಬೀಳುವ ಗಾಳಿಯ ಬಿಸಿ. ನನ್ನ ಎಂಜಿನ್ 30,000ದಿಂದ 5,000ಕ್ಕೆ ಇಳಿಯಲು 14–15 ಸೆಕೆಂಡು ತಗೊಳ್ಳುತ್ತಿತ್ತು. ಆ ಭಾನುವಾರದ ಮೊದಲ ಹಾರಾಟದ ನಂತರ ಅದು 9. ಈ ಅಂಕಿ ನನ್ನ ಎಂಜಿನ್‌ಗೆ ಮಾತ್ರ, ನಿಮ್ಮದಕ್ಕೆ ಹೋಲಿಸಬೇಡಿ. ಎಂಜಿನ್ ಚೆನ್ನಾಗಿದ್ದಾಗಿನ ನಿಮ್ಮದೇ ಅಂಕಿ ಬರೆದಿಟ್ಟುಕೊಂಡಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಪಂಪ್ ವೋಲ್ಟೇಜ್ ಮತ್ತು ಇಜಿಟಿ ಜೋಡಿಯಾಗಿ ಓದಬೇಕು. ಅಲ್ಲೇ ಮಜಾ ಇರುವುದು. ಮೊದಲಿನ ಆರ್‌ಪಿಎಂಗೇ ಪಂಪ್ ಜಾಸ್ತಿ ದುಡಿಯುತ್ತಿದೆ, ಆದರೆ ಇಜಿಟಿ ಮೊದಲಿನಷ್ಟೇ ಇದೆ ಅಂದರೆ ಎಂಜಿನ್ ಅಷ್ಟೇ ಇಂಧನ ಕೇಳುತ್ತಿದೆ, ದಾರಿ ಮಾತ್ರ ಬಿಗಿಯಾಗಿದೆ: ಫಿಲ್ಟರ್ ಕಟ್ಟಿರಬಹುದು, ಪೈಪು ಮಡಚಿರಬಹುದು. ಎರಡೂ ಒಟ್ಟಿಗೆ ಏರಿದ್ದರೆ ಎಂಜಿನ್ ನಿಜಕ್ಕೂ ಜಾಸ್ತಿ ಇಂಧನ ಉರಿಸುತ್ತಿದೆ. ಯಾವುದೋ ಎಳೆತವನ್ನು ಗೆಲ್ಲಲು ಒದ್ದಾಡುತ್ತಿದೆ. ಬೇರಿಂಗ್ ಬಿಗಿಯಾಗಿದ್ದರೆ ಹೀಗಾಗುತ್ತದೆ, ಕಂಪ್ರೆಸರ್ ಎಲೆಗಳ ಮೇಲೆ ಧೂಳು ಕೂತರೂ ಹೀಗಾಗುತ್ತದೆ. ನಮ್ಮ ಬಯಲಿನ ಕೆಂಪು ಮುರುಮ್ ಮಣ್ಣಿಗೆ ಎರಡನೆಯದು ಏನೂ ಅಪರೂಪ ಅಲ್ಲ, ಆದ್ದರಿಂದ ಕಂಪ್ರೆಸರ್ ನೋಡದೆ ಬೇರಿಂಗ್ ಮೇಲೆ ತೀರ್ಪು ಕೊಡಬೇಡಿ. ಆರ್‌ಪಿಎಂ ಮೇಲೆ ಕೆಳಗೆ ಓಲಾಡುತ್ತಿದ್ದರೆ ಪೈಪಿನಲ್ಲಿ ಗುಳ್ಳೆ ಹುಡುಕಿ. ಗಾಳಿ ಸೇರಿದೆ ಅಂದರೆ ಆ ಹೊತ್ತಿಗೆ ಬೇರಿಂಗ್‌ಗೂ ಗಾಳಿಯೇ ಊಟ.

ಹಿಂದೆ ಬಾಲದ ಮೇಲೆ ತೆಳುವಾಗಿ ಜಿಡ್ಡು ಕೂತಿದ್ದರೆ ಹೆದರಬೇಡಿ, ಆಯಿಲ್ ಹೊರಗೆ ಹೋಗಬೇಕಾದದ್ದು ಅಲ್ಲಿಂದಲೇ. ಸ್ಟಾರ್ಟ್ ಆಗುವಾಗ ಬಿಳಿ ಹೊಗೆ ಬಂದರೆ ಅದು ಉರಿಯದ ಸೀಮೆಎಣ್ಣೆ, ಆಯಿಲ್‌ಗೂ ಅದಕ್ಕೂ ಸಂಬಂಧ ಕಡಿಮೆ.

ಕ್ಯಾನ್‌ನಲ್ಲಿ ಇರುವುದು ನೀವು ಅಂದುಕೊಂಡದ್ದೇನಾ?

ನನ್ನ ತಪ್ಪು ಸಿಕ್ಕಿದ್ದು ಇಲ್ಲಿ. ಹಾರಿಸಿ ಬಂದ ರಾತ್ರಿ ಎಲ್ಲರಿಗೂ ಆಯಿಲ್ ಬ್ರ್ಯಾಂಡ್ ಮೇಲೆ ಅನುಮಾನ. ನಕಲಿ ಮಾಲು ಅಂದ ಒಬ್ಬ, ಟೂ ಸ್ಟ್ರೋಕ್ ಆಯಿಲ್‌ಗೆ ಹೋಗು ಅಂದ ಇನ್ನೊಬ್ಬ. ಆದರೆ ಶನಿವಾರ ಸಂಜೆ ಏನಾಯಿತು ಅಂತ ನೆನಪು ಮಾಡಿಕೊಂಡೆ. 10 ಲೀಟರ್ ಕ್ಯಾನ್‌ನಲ್ಲಿ ಹಿಂದಿನ ವಾರದ್ದು 4 ಲೀಟರ್ ಉಳಿದಿತ್ತು. ಮೇಲೆ 6 ಲೀಟರ್ ಸೀಮೆಎಣ್ಣೆ ಸುರಿದೆ. ಅಷ್ಟರಲ್ಲಿ ಶಿವಮೊಗ್ಗದಿಂದ ಅಮ್ಮನ ಫೋನ್. ಮಾತು ಮುಗಿಸಿ ಬಂದು ಮುಚ್ಚಳ ಹಾಕಿದೆ. 300 ಮಿ.ಲೀ. ಆಯಿಲ್ ಹಾಕಿದ್ದೇನೋ ಇಲ್ಲವೋ ನೆನಪಿಲ್ಲ. ನಾನು ಹಾಕುವ ಟರ್ಬೈನ್ ಆಯಿಲ್ ಜೇನಿನ ಬಣ್ಣದ್ದು, ಸೀಮೆಎಣ್ಣೆಯಲ್ಲಿ ಕರಗಿದ ಮೇಲೆ 2 ಪರ್ಸೆಂಟ್ ಇದೆಯೋ 5 ಇದೆಯೋ ಕಣ್ಣಿಗೆ ತಿಳಿಯುವುದಿಲ್ಲ.

ತೂಗಿದರೆ ತಿಳಿಯುತ್ತದೆ. ಎಸ್ಟರ್ ಎಂಬ ಸಿಂಥೆಟಿಕ್ ಜಾತಿಯ ಟರ್ಬೈನ್ ಆಯಿಲ್ ಲೀಟರಿಗೆ ಹತ್ತಿರ ಹತ್ತಿರ 1,000 ಗ್ರಾಂ ತೂಗುತ್ತದೆ, ಸೀಮೆಎಣ್ಣೆ 800 ಗ್ರಾಂ ಆಸುಪಾಸು. ಹಾಗಾಗಿ 5 ಪರ್ಸೆಂಟ್ ಕಲಸಿದ ಒಂದು ಲೀಟರ್, ಬರೀ ಸೀಮೆಎಣ್ಣೆಗಿಂತ 10 ಗ್ರಾಂ ಜಾಸ್ತಿ ತೂಗಬೇಕು. ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಅಕ್ಕನ ಮಗಳಿಂದ ಒಂದು ಲೀಟರ್ ಗೆರೆ ಇರುವ ಗಾಜಿನ ಫ್ಲಾಸ್ಕ್ ತಂದೆ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಟ್ಟೆ (ಹೆಂಡತಿ ಆಮೇಲೆ ಹೊಸ ತಕ್ಕಡಿ ಕೊಡಿಸಿಕೊಂಡಳು, ನ್ಯಾಯವೇ). ಬರೀ ಸೀಮೆಎಣ್ಣೆ 796. ಸರಿಯಾಗಿ ಅಳೆದು ಹೊಸದಾಗಿ ಕಲಸಿದ್ದು 806. ನನ್ನ ಕ್ಯಾನ್‌ನದು 800. ಅಂದರೆ 2 ಪರ್ಸೆಂಟ್. 4 ಲೀಟರ್‌ನಲ್ಲಿದ್ದ 200 ಮಿ.ಲೀ. ಆಯಿಲ್ 10 ಲೀಟರಿಗೆ ಹಂಚಿಹೋಗಿತ್ತು.

ಈ ಪರೀಕ್ಷೆ ಮಾಡುವವರು ಎರಡು ಎಚ್ಚರ ಇಟ್ಟುಕೊಳ್ಳಿ. ಹೋಲಿಸುವ ಸೀಮೆಎಣ್ಣೆ ಅದೇ ಡಬ್ಬದ್ದಾಗಿರಲಿ, ಯಾಕೆಂದರೆ ಒಂದು ಲಾಟ್‌ನಿಂದ ಇನ್ನೊಂದಕ್ಕೆ ಸಾಂದ್ರತೆ ಬದಲಾಗುತ್ತದೆ. ಎಲ್ಲ ಮಾದರಿಗಳೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದು ಒಂದೇ ಬಿಸಿಗೆ ಬಂದಿರಲಿ, 10 ಡಿಗ್ರಿ ವ್ಯತ್ಯಾಸ ಇದ್ದರೆ ಅದೊಂದೇ ಲೀಟರಿಗೆ 7 ಗ್ರಾಂ ಹತ್ತಿರ ಆಗಿ ನಿಮ್ಮ ಲೆಕ್ಕ ನುಂಗಿಹಾಕುತ್ತದೆ. ಟೂ ಸ್ಟ್ರೋಕ್ ಆಯಿಲ್‌ಗೆ ಈ ತೂಕದ ಆಟ ನಡೆಯುವುದಿಲ್ಲ, ಅದು ಹಗುರ. ಅಲ್ಲಿ ಬಣ್ಣ ನೋಡಬಹುದು, ಅಥವಾ ಸರಿಯಾದ ಮಿಶ್ರಣದ ಒಂದು ಹನಿ, ಅನುಮಾನದ ಒಂದು ಹನಿ ಬಿಳಿ ಕಾಗದದ ಮೇಲೆ ಅಕ್ಕಪಕ್ಕ ಬಿಟ್ಟು ಮರುದಿನ ಉಳಿದ ಜಿಡ್ಡಿನ ಕಲೆ ಹೋಲಿಸಬಹುದು. ಅಂದಾಜಿಗೆ ಸಾಕು. ಡೀಸೆಲ್ ಬಳಸುವವರಿಗೆ ಕಾಗದದ ಪರೀಕ್ಷೆ ಆಗದು, ಡೀಸೆಲ್ ಕಲೆಯೇ ಬೇಗ ಹೋಗುವುದಿಲ್ಲ.

ನೀಲಿ ಟೂ ಸ್ಟ್ರೋಕ್ ಆಯಿಲ್ ಹಾಕಿದ ಬಿಳಿ ಸೀಮೆಎಣ್ಣೆ ನೋಡಲು ಥೇಟ್ ರೇಷನ್ ಸೀಮೆಎಣ್ಣೆಯ ಹಾಗೆ ಕಾಣುತ್ತದೆ! ರೇಷನ್ನಿನದಕ್ಕೆ ನೀಲಿ ಬಣ್ಣ ಹಾಕುವುದೇ ಅದು ಬೇರೆ ಕಡೆ ಹೋಗದಿರಲಿ ಅಂತ. ಕಾರಿನ ಡಿಕ್ಕಿಯಲ್ಲಿ 20 ಲೀಟರ್ ಇಟ್ಟುಕೊಂಡು ಓಡಾಡುವವರು ಖರೀದಿ ರಸೀದಿ ಜೊತೆಗಿಟ್ಟುಕೊಳ್ಳಿ.

ಸರಿ, ಯಾವ ಆಯಿಲ್?

ನಿಮ್ಮ ಎಂಜಿನ್‌ನ ಕೈಪಿಡಿ ಹೇಳಿದ್ದು. ಇದು ಜಾರಿಕೊಳ್ಳುವ ಉತ್ತರ ಅಲ್ಲ. ಕೆಲವು ತಯಾರಕರು ಟರ್ಬೈನ್ ಆಯಿಲ್ ಮಾತ್ರ ಅನ್ನುತ್ತಾರೆ, ಕೆಲವರು ಒಳ್ಳೆಯ ಸಿಂಥೆಟಿಕ್ ಟೂ ಸ್ಟ್ರೋಕ್ ಆಯಿಲ್ ಒಪ್ಪುತ್ತಾರೆ. ಪ್ರಮಾಣವೂ ಸಾಮಾನ್ಯವಾಗಿ 4ರಿಂದ 5 ಪರ್ಸೆಂಟ್. ಕೈಪಿಡಿ ಬಿಟ್ಟು ಬೇರೆ ಹಾಕಿದರೆ ವಾರಂಟಿ ಮಾತು ಮರೆತುಬಿಡಿ.

ಟರ್ಬೈನ್ ಆಯಿಲ್ ಅಂದರೆ ನಿಜವಾದ ವಿಮಾನಗಳ ಜೆಟ್ ಎಂಜಿನ್‌ಗೆ ಹಾಕುವುದೇ. ಡಬ್ಬದ ಮೇಲೆ ಎಂಐಎಲ್-ಪಿಆರ್‌ಎಫ್-23699 ಎಂಬ ಗುರುತು ಹುಡುಕಿ. ಮೊಬಿಲ್ ಜೆಟ್ ಆಯಿಲ್ 2, ಏರೋಶೆಲ್ 500 ಇವೆಲ್ಲ ಈ ಜಾತಿಗೆ ಸೇರಿದವು. 100 ಡಿಗ್ರಿಯಲ್ಲಿ ಇವುಗಳ ಸ್ನಿಗ್ಧತೆ 5 ಸೆಂಟಿಸ್ಟೋಕ್ ಹತ್ತಿರ, ಕಾರಿನ ಎಂಜಿನ್ ಆಯಿಲ್‌ಗಿಂತ ಬಹಳ ತೆಳು. "ಇಷ್ಟು ನೀರಾಗಿದೆ, ಇದೇನು ಕಾಪಾಡುತ್ತೆ" ಅಂತ ಹೊಸಬರಿಗೆ ಅನಿಸುತ್ತದೆ. ಇದರ ಗುಣ ಇರುವುದು ಬಿಸಿಯಲ್ಲಿ. ಎಂಜಿನ್ ನಿಂತ ಕೂಡಲೇ ಟರ್ಬೈನ್ ಚಕ್ರದ ಬಿಸಿ ಶಾಫ್ಟ್ ಹಿಡಿದು ಹಿಂದಿನ ಬೇರಿಂಗ್‌ಗೆ ಹರಿದುಬರುತ್ತದೆ, ಆಗ ಇಂಧನವೂ ಇಲ್ಲ, ಗಾಳಿಯೂ ಇಲ್ಲ. ಅಲ್ಲಿ ಉಳಿದ ಆಯಿಲ್ ಪದರ ಬೆಂದೇ ಬೇಯುತ್ತದೆ. ಸಾಮಾನ್ಯ ಖನಿಜ ಆಯಿಲ್ ಆದರೆ ಒಗ್ಗರಣೆ ಸೌಟಿನ ತಳದ ಹಾಗೆ ಕರಟಿ ವಾರ್ನಿಷ್ ಆಗುತ್ತದೆ. ಎಸ್ಟರ್ ಅದನ್ನು ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ. ಅದೇ ಗುರುತಿನಲ್ಲಿ ಎಚ್‌ಟಿಎಸ್ ಅಂತ ಇನ್ನೊಂದು ದರ್ಜೆ ಇದೆ, ಬಿಸಿಗೆ ಇನ್ನೂ ಗಟ್ಟಿ. ನಮ್ಮ ಎಂಜಿನ್‌ಗೆ ಮಾಮೂಲಿ ದರ್ಜೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಕಾರು ಬೈಕಿನ ಎಂಜಿನ್ ಆಯಿಲ್ ಬೇಡವೇ ಬೇಡ. ಅದರಲ್ಲಿರುವ ಸತು, ಕ್ಯಾಲ್ಸಿಯಂ ಸಂಯುಕ್ತಗಳು ಉರಿದ ಮೇಲೆ ಬೂದಿ ಉಳಿಸುತ್ತವೆ. ಹರಳೆಣ್ಣೆಯೂ ಬೇಡ. ಗ್ಲೋ ಎಂಜಿನ್ (ಮಾಡೆಲ್ ವಿಮಾನಗಳ ಪುಟ್ಟ ಪಿಸ್ಟನ್ ಎಂಜಿನ್) ಕಾಲದ ಹಿರಿಯರಿಗೆ ಹರಳೆಣ್ಣೆ ಮೇಲೆ ಪ್ರೀತಿ ಜಾಸ್ತಿ, ಆದರೆ ಇಲ್ಲಿ ಅದು ಗೋಂದಾಗಿ ಕೂತುಬಿಡುತ್ತದೆ. "ಸ್ವಲ್ಪ ಜಾಸ್ತಿ ಹಾಕಿದರೆ ಒಳ್ಳೇದಲ್ವಾ?" ಅಂದರೆ, ಅಲ್ಲ. 8–10 ಪರ್ಸೆಂಟ್ ಹಾಕಿದರೆ ಹೊಗೆ, ಸ್ಟಾರ್ಟ್ ಆಗಲು ತಕರಾರು, ಇಂಧನ ಆವಿಯಾಗುವ ಕೊಳವೆಗಳಲ್ಲಿ ಕರಿ.

ಡಬ್ಬದ ಅಳತೆ ಬಗ್ಗೆ ಒಂದು ಸಣ್ಣ ವಿಷಯ. ಟರ್ಬೈನ್ ಆಯಿಲ್ ಡಬ್ಬ ಸಾಮಾನ್ಯವಾಗಿ ಒಂದು ಅಮೆರಿಕನ್ ಕ್ವಾರ್ಟ್, ಅಂದರೆ 946 ಮಿ.ಲೀ. 20 ಲೀಟರ್‌ಗೆ ಒಂದು ಡಬ್ಬ ಸುರಿದರೆ ಐದಕ್ಕೆ ಸ್ವಲ್ಪ ಕಡಿಮೆ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹಲವು ಟರ್ಬೈನ್ ಆಯಿಲ್‌ಗಳಲ್ಲಿ ಸವೆತ ತಡೆಯಲು ಟ್ರೈಕ್ರೆಸೈಲ್ ಫಾಸ್ಫೇಟ್ ಇರುತ್ತದೆ, ಅದು ವಿಷ. ಕಲಸುವಾಗ ನೈಟ್ರೈಲ್ ಗ್ಲೌಸ್ ಹಾಕಿ. ಹಿಂದೆ ನಿಂತು ಹೊಗೆ ಕುಡಿಯಬೇಡಿ, ಮಕ್ಕಳನ್ನು ಆ ಕಡೆ ಬಿಡಬೇಡಿ.

ಆಯಿಲ್ ಸರಿ, ಅಳತೆ ಸರಿ, ಆದರೂ ಕೆರೆಯುತ್ತಿದೆ

ಮೊದಲ ಅನುಮಾನ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲೇ ಹಾರಿಸುವುದು ಕಷ್ಟ, ಮುಂಬೈ ಗೋವಾದವರ ಪಾಡು ಕೇಳಲೇಬೇಡಿ. ಅರ್ಧ ತುಂಬಿದ ಕ್ಯಾನ್‌ನಲ್ಲಿ ತೇವದ ಗಾಳಿ ತಣ್ಣಗಾಗಿ ನೀರು ತಳಕ್ಕಿಳಿಯುತ್ತದೆ. ನೀರು ಮತ್ತು ಸೀಮೆಎಣ್ಣೆ ಕೂಡುವ ಗೆರೆಯಲ್ಲಿ ಶಿಲೀಂಧ್ರ ಬೆಳೆದು ಲೋಳೆ ಕಟ್ಟುತ್ತದೆ. ಅದೇ ಫಿಲ್ಟರ್‌ಗೆ ಬರುವುದು. ತೆರೆದಿಟ್ಟ ಟರ್ಬೈನ್ ಆಯಿಲ್ ಕೂಡ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಉಳಿದದ್ದನ್ನು ಚಿಕ್ಕ ಬಾಟಲಿಗೆ ಕತ್ತಿನವರೆಗೆ ತುಂಬಿ ಬಿಗಿ ಮುಚ್ಚಿ. ನಾನಂತೂ ಮಳೆಗಾಲದ ಹಿಂದಿನ ಮಿಶ್ರಣ ಗಣೇಶನ ಹಬ್ಬದ ನಂತರ ಎಂಜಿನ್‌ಗೆ ಹಾಕುವುದಿಲ್ಲ.

ತಿಂಗಳುಗಟ್ಟಲೆ ನಿಂತ ಎಂಜಿನ್‌ನಲ್ಲಿ ಬೇರಿಂಗ್ ನಳಿಕೆ ಒಣಗಿರುತ್ತದೆ. ಎಂಜಿನ್‌ಗೆ ಹೋಗುವ ಪೈಪು ಬಿಚ್ಚಿ, ಅಲ್ಲಿಯವರೆಗೆ ಪಂಪಿನಿಂದ ಇಂಧನ ತುಂಬಿ ಗುಳ್ಳೆ ಹೋದ ಮೇಲೆ ಜೋಡಿಸಿ. ಜೋಡಿಸಿಯೇ ಪಂಪ್ ಓಡಿಸಿದರೆ ದಹನಕೋಶಕ್ಕೆ ಇಂಧನ ತುಂಬಿ, ಸ್ಟಾರ್ಟ್ ಮಾಡಿದಾಗ ಬಾಲದಿಂದ ಮಾರುದ್ದ ಬೆಂಕಿ. ಪಕ್ಕದಲ್ಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇರಲಿ. ಪುಡಿ ಎರಚುವ ಸಿಲಿಂಡರ್ ಬೆಂಕಿ ಆರಿಸುತ್ತದೆ, ಎಂಜಿನ್ ಉಳಿಸುವುದಿಲ್ಲ.

ಎರಡನೇ ಅನುಮಾನ ಬ್ಯಾಟರಿ. ಆಫ್ ಮಾಡಿದ ಮೇಲೆ ಇಸಿಯು ಸ್ಟಾರ್ಟರ್ ಮೋಟರನ್ನು ಬಿಟ್ಟು ಬಿಟ್ಟು ಓಡಿಸಿ ಎಂಜಿನ್ ತಣ್ಣಗೆ ಮಾಡುತ್ತದಲ್ಲ, ಬ್ಯಾಟರಿ ಸೋತಿದ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ಹಿಂದಿನ ಬೇರಿಂಗ್ ಬೇಯುವುದು ಆಗಲೇ. ಹಾಗಾದರೆ ಕೈಯಲ್ಲಿ ಹಿಡಿಯುವ ಬ್ಲೋವರ್‌ನಿಂದ ಮುಂದಿನಿಂದ ಗಾಳಿ ಬಿಡಿ.

ಮೂರನೆಯದು, ಇತ್ತೀಚೆಗೆ ಆಯಿಲ್ ಜಾತಿ ಬದಲಿಸಿದ್ದೀರಾ? ಟೂ ಸ್ಟ್ರೋಕ್‌ನಿಂದ ಎಸ್ಟರ್‌ಗೆ ಬಂದರೆ ಅದು ಹಳೆಯ ವಾರ್ನಿಷ್ ಸಡಿಲಿಸುತ್ತದೆ, ಆ ಚೂರು ಬೇರಿಂಗ್ ನಳಿಕೆಯ ಕಿರಿದಾದ ಬಾಯಿಗೆ ಸಿಕ್ಕಿಕೊಳ್ಳಬಹುದು. ಬದಲಿಸಿದ ಮೊದಲ ಕೆಲವು ಟ್ಯಾಂಕ್ ನಂತರ ಫಿಲ್ಟರ್ ಬಿಚ್ಚಿ ನೋಡಿ.

ಬೇರಿಂಗ್ ಹೋಗಿದೆ ಅಂತ ಖಾತ್ರಿಯಾದರೆ ಹೊಸದೇ ಹಾಕಬೇಕು. ನನ್ನ ಎಂಜಿನ್‌ನ ಬೇರಿಂಗ್ 8 ಮಿ.ಮೀ. ಒಳವ್ಯಾಸ, 22 ಹೊರವ್ಯಾಸ, 7 ದಪ್ಪ. ಮುಂಬೈ ನಾಗದೇವಿ ಸ್ಟ್ರೀಟ್‌ನಲ್ಲಿ ಈ ಅಳತೆ ಹೇಳಿದರೆ 608 ಅಂತ ತಕ್ಷಣ ಕೈಗೆ ಕೊಡುತ್ತಾರೆ, ಸ್ಕೇಟಿಂಗ್ ಚಕ್ರಕ್ಕೆ ಹಾಕುವುದೂ ಅದೇ. ಅಳತೆ ಒಂದೇ, ಒಳಗಿನದು ಬೇರೆ. ಟರ್ಬೈನ್‌ಗೆ ಬೇಕಾದದ್ದು ಸಿಲಿಕಾನ್ ನೈಟ್ರೈಡ್ ಗುಂಡುಗಳ ಸೆರಾಮಿಕ್ ಆ್ಯಂಗ್ಯುಲರ್ ಕಾಂಟ್ಯಾಕ್ಟ್ (ಶಾಫ್ಟ್‌ನ ಉದ್ದಕ್ಕೆ ಬೀಳುವ ಒತ್ತಡವನ್ನೂ ತಾಳುವ) ಬೇರಿಂಗ್. ಭೋಸರಿಯಲ್ಲಿ ಟರ್ಬೋಚಾರ್ಜರ್ ಬ್ಯಾಲೆನ್ಸ್ ಮಾಡುವವರು ಇದ್ದಾರೆ, ಆದರೂ ನಾನು ತಯಾರಕರ ಸರ್ವೀಸ್‌ಗೇ ಕಳಿಸಿದೆ, ರೋಟರ್ ಬಿಚ್ಚಿ ಜೋಡಿಸಿದ ಮೇಲೆ ಬ್ಯಾಲೆನ್ಸ್ ಹೊಣೆ ನನ್ನ ಮೇಲೆ ಬೇಡ ಅಂತ.

ಎಂಜಿನ್ ಮಾರ್ಚ್‌ನಲ್ಲಿ ವಾಪಸ್ ಬಂತು. ಕ್ಯಾನ್‌ನಲ್ಲಿ ಆ ಡಿಸೆಂಬರ್‌ನ 3 ಲೀಟರ್ ಇನ್ನೂ ಉಳಿದಿತ್ತು. ಬಿಗಿ ಮುಚ್ಚಿದ್ದು, ತಳದಲ್ಲಿ ನೀರಿಲ್ಲ. 90 ಮಿ.ಲೀ. ಆಯಿಲ್ ಸೇರಿಸಿ, ಕುಲುಕಿ, ರಾತ್ರಿ ಇಟ್ಟು ಬೆಳಿಗ್ಗೆ ತೂಗಿದೆ. 806. ಅದನ್ನೇ ಹಾಕಿ ಓಡಿಸಿದೆ, ಆಫ್ ಮಾಡಿ ಎಣಿಸಿದೆ. 15 ಸೆಕೆಂಡು.